ಪಾವಿಗೆ ಸೇರು ಸುರಿಯಬೇಡಿ

ಸಿ ಪ್ರೋಗ್ರಾಂ ತೋರಿಸಲು ನನ್ನ ಬಳಿ ಬರುವ ಹುಡುಗ ಹುಡುಗಿಯರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. “ಡೀಬಗ್ ಬಿಲ್ಡ್‌ನಲ್ಲಿ ಎಲ್ಲ ಸರಿಯಾಗಿತ್ತು ಮೇಡಂ, ಓ2 ಹಾಕಿದ ಕೂಡಲೇ ಕೆಟ್ಟಿತು. ಕಂಪೈಲರ್‌ನಲ್ಲೇ ಬಗ್ ಇರಬೇಕು.” ಹಾಗೆಂದು ಆಪ್ಟಿಮೈಸೇಶನ್ ತೆಗೆದು, ಗ್ರಾಹಕರಿಗೆ ಕಳಿಸಿ, ಊಟಕ್ಕೆ ಎದ್ದು ಹೋಗುತ್ತಾರೆ. ನೀವೂ ಒಂದಲ್ಲ ಒಂದು ದಿನ ಹೀಗೆ ಮಾಡಿರುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ನಿಜಕ್ಕೂ ಡೊಂಕಾಗಿರುವುದೂ ಉಂಟು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಮೂವತ್ತು ವರ್ಷ ಈ ಕೆಲಸ ಮಾಡಿದವಳು ಹೇಳುತ್ತೇನೆ, ಕೇಳಿ. ಬಹುಪಾಲು ಸಲ ಡೊಂಕು ಇರುವುದು ನೆಲದಲ್ಲಲ್ಲ, ನಾವು ಪೂರ್ಣಾಂಕಗಳನ್ನು ಒಂದು ಟೈಪಿನಿಂದ ಇನ್ನೊಂದು ಟೈಪಿಗೆ ನೋಡದೆ ಸುರಿಯುವುದರಲ್ಲಿ.

ಒಮ್ಮೆ ಲಸಿಕೆ ಇಡುವ ಶೀತಪೆಟ್ಟಿಗೆಗೆ ಅಲಾರಂ ಬಾರಿಸುವ ಸಾಧನವೊಂದರ ಕೋಡ್ ನನ್ನ ಮುಂದೆ ಬಂತು. ಲಸಿಕೆಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳು ಕೆಲಸಕ್ಕೆ ಬಾರವು. ಕೋಡ್ ಬರೆದ ಹುಡುಗ ಜಾಣ, ಶ್ರಮಜೀವಿ. ತಾಪಮಾನವನ್ನು ಒಂದು ಚಾರ್‌ನಲ್ಲಿ ಇಟ್ಟಿದ್ದ. ಅದು ಸೊನ್ನೆಗಿಂತ ಕಡಿಮೆಯಾದರೆ ಅಲಾರಂ ಬಾರಿಸು ಎಂದು ಬರೆದಿದ್ದ. ಮೇಜಿನ ಮೇಲಿನ ಇಂಟೆಲ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ ಅಲಾರಂ ಸರಿಯಾಗಿ ಬಾರಿಸಿತು. ಆರ್ಮ್ ಚಿಪ್ಪಿನ ಬೋರ್ಡಿಗೆ ಹಾಕಿದ ಮೇಲೆ ಎಷ್ಟು ತಣ್ಣಗಾದರೂ ಸದ್ದಿಲ್ಲ. ಅಸೆಂಬ್ಲಿ ತೆಗೆದು ನೋಡಿದರೆ ಅಲಾರಂ ಬಾರಿಸುವ ಸಾಲೇ ಇಲ್ಲ. ಹುಡುಗ ಆಪ್ಟಿಮೈಸರ್ ಮೇಲೆ ಹರಿಹಾಯ್ದ. ಆಪ್ಟಿಮೈಸೇಶನ್ ತೆಗೆದ. ಆಗಲೂ ಅಲಾರಂ ಬಾಯಿ ಬಿಡಲಿಲ್ಲ.

ಕಾರಣ ಇಷ್ಟೇ. ಬರೀ ಚಾರ್ ಎಂದು ಬರೆದರೆ ಅದರಲ್ಲಿ ಮೈನಸ್ ಸಂಖ್ಯೆ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಸಿ ಭಾಷೆಯ ನಿಯಮ ಹೇಳುವುದೇ ಇಲ್ಲ, ಕಂಪೈಲರ್‌ಗೆ ಬಿಟ್ಟುಬಿಟ್ಟಿದೆ. ಇಂಟೆಲ್ ಯಂತ್ರದ ಲಿನಕ್ಸ್‌ನಲ್ಲಿ ಅದು -128ರಿಂದ 127ರ ವರೆಗೆ, ಆರ್ಮ್ ಲಿನಕ್ಸ್‌ನಲ್ಲಿ 0ಯಿಂದ 255ರ ವರೆಗೆ. ಮೈನಸ್ 3 ಡಿಗ್ರಿ ಆ ಬೋರ್ಡಿನಲ್ಲಿ 253 ಆಗಿತ್ತು. 0ಯಿಂದ 255ರ ನಡುವಿನ ಸಂಖ್ಯೆ ಯಾವ ಕಾಲಕ್ಕೂ ಸೊನ್ನೆಗಿಂತ ಕಡಿಮೆಯಾಗದು ಎಂದು ಕಂಪೈಲರ್‌ಗೆ ಗೊತ್ತು, ಹಾಗಾಗಿ ಆ ಸಾಲನ್ನು ತೆಗೆದುಹಾಕಿತ್ತು. ಅದರದೇನೂ ತಪ್ಪಿಲ್ಲ. ಚಾರ್ ಇರುವುದು ಅಕ್ಷರಕ್ಕೆ. ಸಂಖ್ಯೆ ಇಡಬೇಕಾದರೆ ಸೈನ್ಡ್ ಚಾರ್ ಎಂದೋ ಅನ್‌ಸೈನ್ಡ್ ಚಾರ್ ಎಂದೋ ಬಾಯಿಬಿಟ್ಟು ಬರೆಯಿರಿ. ಗೆಟ್‌ಚಾರ್ ಕೊಡುವ ಉತ್ತರವನ್ನು ಚಾರ್‌ನಲ್ಲಿ ಹಿಡಿಯುವ ಅಭ್ಯಾಸವಿದ್ದರೆ ಅದನ್ನೂ ಇವತ್ತೇ ಬಿಡಿ. ಅದು ಕೊಡುವುದು ಇಂಟ್. ಚಾರ್‌ನಲ್ಲಿ ಹಿಡಿದರೆ ಒಂದು ಯಂತ್ರದಲ್ಲಿ ಫೈಲು ಅರ್ಧಕ್ಕೇ ಮುಗಿದಂತೆ ಕಾಣುತ್ತದೆ, ಇನ್ನೊಂದರಲ್ಲಿ ಮುಗಿಯುವುದೇ ಇಲ್ಲ.

ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಸೇರು, ಅಚ್ಚೇರು, ಪಾವು ಇರುತ್ತಿದ್ದವು. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಒಂದು ಅಚ್ಚೇರು. ಈಗಿನ ಬಹುತೇಕ ಕಂಪ್ಯೂಟರುಗಳಲ್ಲಿ ಸಿ ಭಾಷೆಯ ಅಳತೆಯೂ ಹಾಗೆಯೇ ಇದೆ. ಚಾರ್ ಒಂದು ಬೈಟಿನ ಪಾವು, ಶಾರ್ಟ್ ಎರಡು ಬೈಟಿನ ಅಚ್ಚೇರು, ಇಂಟ್ ನಾಲ್ಕು ಬೈಟಿನ ಸೇರು. ಸೇರಕ್ಕಿಯನ್ನು ಪಾವಿಗೆ ಸುರಿದರೆ ಚೆಲ್ಲುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಿ ಭಾಷೆಯಲ್ಲಿ ಚೆಲ್ಲಿದ್ದು ಕಣ್ಣಿಗೆ ಬೀಳುವುದಿಲ್ಲ. ಪಾವಿನಲ್ಲಿ ಉಳಿದಿದ್ದೇ ಪೂರ್ತಿ ಲೆಕ್ಕ ಎಂದುಕೊಂಡು ಪ್ರೋಗ್ರಾಂ ಮುಂದೆ ನಡೆಯುತ್ತದೆ.

ಇನ್ನೊಂದು ವಿಷಯವಿದೆ. ಇದನ್ನು ಪರೀಕ್ಷೆಗೆ ಓದಿ, ಬರೆದು, ಮಾರನೆಯ ದಿನವೇ ಮರೆಯುತ್ತಾರೆ. ಪಾವಿನಲ್ಲೋ ಅಚ್ಚೇರಿನಲ್ಲೋ ಇರುವುದನ್ನು ಕೂಡುವಾಗ, ಗುಣಿಸುವಾಗ ಸಿ ಭಾಷೆ ಅದನ್ನು ಮೊದಲು ಸೇರಿಗೆ ಸುರಿದುಕೊಂಡೇ ಲೆಕ್ಕಕ್ಕೆ ಕೂರುತ್ತದೆ. ಚಾರ್, ಶಾರ್ಟ್ ಎಲ್ಲವೂ ಲೆಕ್ಕಕ್ಕೆ ಇಳಿದ ಗಳಿಗೆಯಲ್ಲಿ ಇಂಟ್ ಆಗುತ್ತವೆ. ಇದಕ್ಕೆ ಇಂಟಿಜರ್ ಪ್ರಮೋಶನ್ ಎಂದು ಹೆಸರು. ಬಡ್ತಿ ಸಿಕ್ಕರೆ ಒಳ್ಳೆಯದೇ ಆಯಿತಲ್ಲ ಎಂದು ನಿಮಗನ್ನಿಸಬಹುದು. ಈ ಬಡ್ತಿಯಲ್ಲಿ ಒಂದು ರಕ್ಷಣೆ ಕಳೆದುಹೋಗುತ್ತದೆ. ಅನ್‌ಸೈನ್ಡ್ ಶಾರ್ಟ್ ಕೂಡ ಬಡ್ತಿ ಪಡೆದ ಮೇಲೆ ಸೈನ್ಡ್ ಇಂಟ್ ಆಗುತ್ತದೆ.

ಕಾಗದ ಪೆನ್ನು ತೆಗೆದುಕೊಂಡು ಮಾಡಿ ನೋಡಿ. ಎರಡು ಅನ್‌ಸೈನ್ಡ್ ಶಾರ್ಟ್‌ಗಳಲ್ಲಿ ತಲಾ 50000 ಇದೆ. ಗುಣಿಸಿದರೆ 250 ಕೋಟಿ. ಉತ್ತರವನ್ನು ಹಾಕಿಕೊಳ್ಳಲು ನೀವು 32 ಬಿಟ್‌ಗಳ ಅನ್‌ಸೈನ್ಡ್ ಪಾತ್ರೆ ಇಟ್ಟಿದ್ದೀರಿ. ಅದಕ್ಕೆ 429 ಕೋಟಿಯವರೆಗೆ ಹಿಡಿಯುವ ಶಕ್ತಿಯಿದೆ. ಎಲ್ಲವೂ ಅನ್‌ಸೈನ್ಡ್, ಜಾಗವೂ ಬೇಕಾದಷ್ಟಿದೆ, ಇನ್ನೇನು ಚಿಂತೆ ಎಂದುಕೊಳ್ಳುತ್ತೀರಿ. ಆದರೆ ಗುಣಾಕಾರ ನಡೆದದ್ದು ಆ ಪಾತ್ರೆಯಲ್ಲಲ್ಲ, ಸೈನ್ಡ್ ಇಂಟ್‌ನಲ್ಲಿ. ಅದರ ಮಿತಿ 2147483647, ಅಂದರೆ 214 ಕೋಟಿ ಚಿಲ್ಲರೆ. 250 ಕೋಟಿ ಅಲ್ಲಿ ಹಿಡಿಯುವುದಿಲ್ಲ. ಮುಂದಿನ ಸಾಲಿನಲ್ಲಿ ನೀವು ಜಾಣತನದಿಂದ ‘ಉತ್ತರ 2147483647ಕ್ಕಿಂತ ಹೆಚ್ಚಾದರೆ ನಿಲ್ಲಿಸು’ ಎಂದು ಕಾವಲು ಇಟ್ಟಿದ್ದರೂ ಆಪ್ಟಿಮೈಸರ್ ಆ ಕಾವಲನ್ನು ಕಿತ್ತುಹಾಕಬಹುದು. ಸೈನ್ಡ್ ಇಂಟ್‌ನಲ್ಲಿ ಮಾಡಿದ ಗುಣಾಕಾರ ಅದನ್ನು ಮೀರಲು ನಿಯಮವೇ ಬಿಡುವುದಿಲ್ಲವಲ್ಲ ಎಂಬುದು ಅದರ ತರ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ನೀವು ನೋಡಿದ್ದು ಒಂದು ಹಾಸಿಗೆ, ಕಾಲು ಚಾಚಿದ್ದು ಇನ್ನೊಂದರ ಮೇಲೆ. ಪರಿಹಾರ ಕಷ್ಟದ್ದೇನಲ್ಲ: ಗುಣಿಸುವ ಮುಂಚೆಯೇ ಎರಡರಲ್ಲಿ ಒಂದನ್ನು 32 ಬಿಟ್ ಅನ್‌ಸೈನ್ಡ್ ಮಾಡಿಕೊಳ್ಳಿ. ಗುಣಿಸಿಯಾದ ಮೇಲೆ ಉತ್ತರಕ್ಕೆ ಕಾಸ್ಟ್ ಹಾಕಿದರೆ ಪ್ರಯೋಜನವಿಲ್ಲ, ಆಗಲೇ ಚೆಲ್ಲಿ ಹೋಗಿರುತ್ತದೆ.

ಈ ನಿಯಮ ಮೊದಲಿನಿಂದ ಹೀಗಿರಲಿಲ್ಲ. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆ ಕಟ್ಟಿದ ಕಾಲದ ಹಲವು ಕಂಪೈಲರ್‌ಗಳಲ್ಲಿ ಅನ್‌ಸೈನ್ಡ್ ಶಾರ್ಟ್ ಬಡ್ತಿ ಪಡೆದರೂ ಅನ್‌ಸೈನ್ಡ್ ಆಗಿಯೇ ಉಳಿಯುತ್ತಿತ್ತು. 1989ರ ಅಮೆರಿಕನ್ ಮಾನಕ ಬರೆದವರು ಚಿಹ್ನೆಗಿಂತ ಬೆಲೆ ಉಳಿಯುವುದು ಮುಖ್ಯವೆಂದು ತೀರ್ಮಾನಿಸಿ ಈಗಿನ ನಿಯಮ ತಂದರು. ಅವರ ಕಾರಣ ಅವರಿಗೆ ಇತ್ತು. ನಾವು ನೆನಪಿಡಬೇಕಾದ್ದು ನಿಯಮ ಇರುವುದು ಹೀಗೆ ಎಂಬುದನ್ನು.

ಈಗ ಆಪ್ಟಿಮೈಸರ್‌ನ ಸ್ವಭಾವ ಹೇಳುತ್ತೇನೆ, ಏಕೆಂದರೆ ಅದು ಅರ್ಥವಾಗದೆ ಉಳಿದದ್ದೇನೂ ಅರ್ಥವಾಗುವುದಿಲ್ಲ. ಅನ್‌ಸೈನ್ಡ್ ಸಂಖ್ಯೆ ತುಂಬಿ ಹರಿದರೆ ಮತ್ತೆ ಸೊನ್ನೆಯಿಂದ ಎಣಿಕೆ ಶುರುವಾಗುತ್ತದೆ ಎಂದು ಸಿ ಭಾಷೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಸೈನ್ಡ್ ಸಂಖ್ಯೆ ತುಂಬಿ ಹರಿದರೆ ಏನಾಗುತ್ತದೆಂದು ಹೇಳುವುದಿಲ್ಲ. ಅದನ್ನು ಅನ್‌ಡಿಫೈನ್ಡ್ ಎಂದು ಬಿಟ್ಟಿದೆ. ಬಹಳ ಜನ ಇದನ್ನು ‘ಏನೋ ಒಂದು ತಪ್ಪು ಸಂಖ್ಯೆ ಬರಬಹುದು’ ಎಂದು ತಿಳಿದಿದ್ದಾರೆ. ಹಾಗಲ್ಲ. ಹೀಗೆ ಆಗಲು ಬಿಡುವುದಿಲ್ಲ ಎಂದು ಪ್ರೋಗ್ರಾಂ ಬರೆದ ನೀವೇ ಮಾತು ಕೊಟ್ಟಿದ್ದೀರಿ ಎಂದು ಅದರ ಅರ್ಥ. ಆಪ್ಟಿಮೈಸರ್ ನಿಮ್ಮ ಮಾತನ್ನು ಅಕ್ಷರಶಃ ನಂಬಿ ಮುಂದಿನ ಕೆಲಸ ಮಾಡುತ್ತದೆ.

ಒಂದು ಲೂಪ್ ಬರೆದಿರಿ ಎನ್ನಿ. ‘ಐ’ ಸೊನ್ನೆಯಿಂದ ಶುರು, ನಾಲ್ಕಕ್ಕಿಂತ ಕಡಿಮೆ ಇರುವವರೆಗೆ ಓಡಬೇಕು, ಪ್ರತಿ ಸುತ್ತಿನಲ್ಲೂ ‘ಐ’ಯನ್ನು 100 ಕೋಟಿಯಿಂದ ಗುಣಿಸಿ ಅಚ್ಚು ಮಾಡಬೇಕು. ನಾಲ್ಕೇ ಸುತ್ತು. ಜಿಸಿಸಿ ಕಂಪೈಲರ್‌ನ ಕೆಲವು ಆವೃತ್ತಿಗಳಲ್ಲಿ ಓ2 ಹಾಕಿದರೆ ಈ ಲೂಪ್ ನಿಲ್ಲುವುದೇ ಇಲ್ಲ. ಅದು ಯೋಚಿಸುವ ಬಗೆ ನೋಡಿ. ‘ಐ’ ಮೂರಾದರೆ ಉತ್ತರ 300 ಕೋಟಿ, ಅದು ಇಂಟ್‌ನಲ್ಲಿ ಹಿಡಿಯದು. ಹಿಡಿಯದ ಸಂಖ್ಯೆ ಬರುವುದಿಲ್ಲವೆಂದು ಬರೆದವರ ಮಾತಿದೆ. ಹಾಗಾದರೆ ‘ಐ’ ಎಂದೂ ಎರಡನ್ನು ದಾಟುವುದಿಲ್ಲ. ಎರಡನ್ನು ದಾಟದ ಸಂಖ್ಯೆ ನಾಲ್ಕಕ್ಕಿಂತ ಯಾವಾಗಲೂ ಕಡಿಮೆಯೇ. ಯಾವಾಗಲೂ ನಿಜವಾದದ್ದನ್ನು ಪ್ರತಿ ಸುತ್ತಿನಲ್ಲೂ ಪರೀಕ್ಷಿಸುವುದು ಯಾಕೆ? ತೆಗೆ ಅದನ್ನು. ಇಷ್ಟಾಯಿತು, ಲೂಪ್ ಅನಂತವಾಯಿತು. ಒಂದೊಂದು ಹೆಜ್ಜೆಯೂ ಸರಿಯಾಗಿಯೇ ಇದೆ ಎಂಬುದನ್ನು ಗಮನಿಸಿ. ತಪ್ಪಿದ್ದು ನಮ್ಮ ಮಾತು. ಕೊಟ್ಟ ಮಾತು ಗೊತ್ತಿಲ್ಲದೆ ಕೊಟ್ಟದ್ದಾದರೂ ಕೊಟ್ಟದ್ದೇ.

2007ರ ಜನವರಿಯಲ್ಲಿ ಜಿಸಿಸಿಯವರ ದೂರು ಪುಸ್ತಕದಲ್ಲಿ ಇಂಥದ್ದೇ ಒಂದು ದೂರು ದಾಖಲಾಯಿತು. ಸಂಖ್ಯೆ 30475. ಒಂದು ಇಂಟ್‌ಗೆ 100 ಕೂಡಿಸಿದರೆ ಅದು ಮೊದಲಿಗಿಂತ ದೊಡ್ಡದಾಗಿದೆಯೇ ಎಂದು ಅಸರ್ಟ್ ಇಟ್ಟಿದ್ದರು. ತುಂಬಿ ಹರಿದರೆ ಚಿಕ್ಕದಾಗುತ್ತದೆ, ಆಗ ಸಿಕ್ಕಿಬೀಳುತ್ತದೆ ಎಂಬುದು ಲೆಕ್ಕಾಚಾರ. 100 ಕೂಡಿಸಿದ ಮೇಲೆ ದೊಡ್ಡದಾಗಲೇಬೇಕಲ್ಲ ಎಂದು ಕಂಪೈಲರ್ ಆ ಪರೀಕ್ಷೆಯನ್ನೇ ಅಳಿಸಿತು. ಭದ್ರತೆಗೆಂದು ಬರೆದ ಸಾಲುಗಳು ಹೀಗೆ ಮಾಯವಾದರೆ ಹೇಗೆ ಎಂದು ದೊಡ್ಡ ಜಗಳವೇ ಆಯಿತು. ದೂರು ಮಾತ್ರ ಊರ್ಜಿತವಾಗಲಿಲ್ಲ. ನನಗೆ ದೂರು ಕೊಟ್ಟವರ ಸಂಕಟ ಅರ್ಥವಾಗುತ್ತದೆ. ಆದರೂ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಅವರ ಕೋಡಿಗೂ ಹೇಳಬೇಕಾಗುತ್ತದೆ. ಕೂಡಿಸಿ ಆಮೇಲೆ ತುಂಬಿ ಹರಿಯಿತೇ ಎಂದು ನೋಡುವುದಲ್ಲ. ಕೂಡಿಸುವ ಮೊದಲೇ ಜಾಗ ಇದೆಯೇ ಎಂದು ನೋಡಬೇಕು. ಇಂಟ್‌ನ ಗರಿಷ್ಠ ಬೆಲೆಯಿಂದ 100 ಕಳೆಯಿರಿ, ನಿಮ್ಮ ಸಂಖ್ಯೆ ಅದಕ್ಕಿಂತ ಹೆಚ್ಚಿದ್ದರೆ ಕೂಡಿಸಬೇಡಿ. ಕೈಯಲ್ಲಿ ಬರೆಯಲು ಬೇಸರವಾದರೆ ಜಿಸಿಸಿ 5ನೇ ಆವೃತ್ತಿಯಿಂದ, ಅಂದರೆ 2015ರಿಂದ, ಕೂಡಿಸಿ ಓವರ್‌ಫ್ಲೋ ಆಯಿತೇ ಎಂದು ತಾನೇ ಹೇಳುವ ಬಿಲ್ಟ್‌ಇನ್‌ಗಳಿವೆ. ಸಿ23 ಮಾನಕದಲ್ಲಿ ಅದಕ್ಕೆಂದೇ ಹೊಸ ಹೆಡರ್ ಫೈಲ್ ಬಂದಿದೆ. ಅದೇ ಸಿ23 ಮೈನಸ್ ಸಂಖ್ಯೆಗಳಿಗೆ ಟೂಸ್ ಕಾಂಪ್ಲಿಮೆಂಟ್ ಒಂದೇ ಕ್ರಮ ಎಂದು ಗೊತ್ತುಮಾಡಿತು. ಅದನ್ನು ಓದಿ ಇನ್ನು ಸೈನ್ಡ್ ಓವರ್‌ಫ್ಲೋ ಭಯವಿಲ್ಲ ಎಂದು ಹೇಳುತ್ತ ತಿರುಗಬೇಡಿ. ಅದು ಈಗಲೂ ಅನ್‌ಡಿಫೈನ್ಡ್ ಆಗಿಯೇ ಇದೆ.

ಇನ್ನು ಸೈನ್ಡ್, ಅನ್‌ಸೈನ್ಡ್ ಎರಡನ್ನೂ ಒಂದೇ ನೊಗಕ್ಕೆ ಕಟ್ಟುವ ಚಾಳಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಇಂಟ್ ಮತ್ತು ಒಂದು ಅನ್‌ಸೈನ್ಡ್ ಇಂಟ್ ಹೋಲಿಸಿದರೆ ಸಿ ಭಾಷೆ ಇಂಟನ್ನೂ ಅನ್‌ಸೈನ್ಡ್ ಮಾಡಿಬಿಡುತ್ತದೆ. ಮೈನಸ್ ಒಂದು ಆಗ 4294967295 ಆಗುತ್ತದೆ. ಮೈನಸ್ ಒಂದು ಅನ್‌ಸೈನ್ಡ್ ಒಂದಕ್ಕಿಂತ ಚಿಕ್ಕದೇ ಎಂದು ಕೇಳಿದರೆ ಅಲ್ಲ ಎಂಬ ಉತ್ತರ ಬರುತ್ತದೆ. ಸೈಜ್‌ಆಫ್, ಎಸ್‌ಟಿಆರ್‌ಲೆನ್ ಎರಡೂ ಕೊಡುವುದು ಅನ್‌ಸೈನ್ಡ್ ಎಂಬುದನ್ನು ಎಷ್ಟು ಸಲ ಮರೆತಿದ್ದೀರಿ ಹೇಳಿ! ಒಂದರ ಉದ್ದದಿಂದ ಇನ್ನೊಂದರ ಉದ್ದ ಕಳೆದು ಸೊನ್ನೆಗಿಂತ ಹೆಚ್ಚೇ ಎಂದು ನೋಡುತ್ತೀರಿ. ಎರಡೂ ಸಮ ಇದ್ದಾಗ ಬಿಟ್ಟರೆ ಅದು ಯಾವಾಗಲೂ ಹೌದು ಎನ್ನುತ್ತದೆ. ಕಳೆಯಬೇಡಿ, ನೇರವಾಗಿ ಎರಡನ್ನು ಹೋಲಿಸಿ. ಅರೇಯನ್ನು ಕೊನೆಯಿಂದ ಮೊದಲಿಗೆ ಓದುವಾಗ ಎಣಿಕೆಗೆ ಅನ್‌ಸೈನ್ಡ್ ಆದ ಸೈಜ್_ಟಿ ಇಟ್ಟು, ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಇರುವವರೆಗೆ ಎಂದು ಬರೆದರೆ ಆ ಶರತ್ತು ಎಂದೂ ಸುಳ್ಳಾಗುವುದಿಲ್ಲ. ಕಂಪೈಲರ್ ಅದನ್ನು ಅಳಿಸುತ್ತದೆ, ಲೂಪ್ ಅರೇಯ ಬೇಲಿ ಹಾರಿ ಓಡುತ್ತದೆ.

ಪಾವಿಗೆ ಸೇರು ಸುರಿದ ಕಥೆಗಳಲ್ಲಿ ನನಗೆ ಮರೆಯಲಾಗದ್ದು ಎಸ್‌ಎಸ್‌ಎಚ್‌ನದು. ದೂರದ ಕಂಪ್ಯೂಟರಿಗೆ ಭದ್ರವಾಗಿ ಲಾಗಿನ್ ಆಗಲು ಜಗತ್ತೆಲ್ಲ ಬಳಸುವ ಸಾಧನ ಅದು. ಅದರ ಮೊದಲ ಆವೃತ್ತಿಯ ಪ್ರೋಟೊಕಾಲ್‌ನಲ್ಲಿ ಒಂದು ದೌರ್ಬಲ್ಯ ಕಂಡಿತೆಂದು, ಆ ದಾಳಿಯನ್ನು ಪತ್ತೆಹಚ್ಚುವ ಕೋಡನ್ನು ಸೇರಿಸಿದ್ದರು. ಆ ಕಾವಲಿನ ಕೋಡಿನಲ್ಲೇ 32 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ವೇರಿಯಬಲ್‌ಗೆ ಹಾಕಿದ್ದರು. ಹೊರಗಿನವರು ಬೇಕೆಂದೇ ಬಹಳ ದೊಡ್ಡ ಪ್ಯಾಕೆಟ್ ಕಳಿಸಿದರೆ ಸಂಖ್ಯೆ 65536 ಆಗುತ್ತಿತ್ತು. 16 ಬಿಟ್‌ಗೆ ಇಳಿದಾಗ ಅದು ಸೊನ್ನೆ. ಸೊನ್ನೆ ಗಾತ್ರದ ಕೋಷ್ಟಕ ಸಿದ್ಧವಾಗುತ್ತಿತ್ತು, ಬರೆಯುವುದು ಮಾತ್ರ ಅದರ ಆಚೆಗೆಲ್ಲ. 2001ರ ಫೆಬ್ರುವರಿಯಲ್ಲಿ ಇದು ಬಯಲಿಗೆ ಬಂದಾಗ ಹೊರಗಿನವರು ಯಂತ್ರವನ್ನೇ ವಶಕ್ಕೆ ತೆಗೆದುಕೊಳ್ಳಬಹುದು ಎಂದು ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಒಂದು ವೇರಿಯಬಲ್‌ನ ಟೈಪ್ ಬದಲಿಸಿದ್ದರೆ ಸಾಕಿತ್ತು.

ಮ್ಯಾಲಕ್ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಡರ್ ಫೈಲ್ ಸೇರಿಸದೆ ಮ್ಯಾಲಕ್ ಕರೆದರೆ ಹಳೆಯ ಕಂಪೈಲರ್‌ಗಳು ಅದು ಇಂಟ್ ಕೊಡುತ್ತದೆ ಎಂದುಕೊಳ್ಳುತ್ತಿದ್ದವು. 64 ಬಿಟ್‌ನ ವಿಳಾಸ ಅರ್ಧಕ್ಕೆ ಕತ್ತರಿಸಿಹೋಗುತ್ತಿತ್ತು. ವಾರ್ನಿಂಗ್ ಬಾರದಿರಲೆಂದು ಕಾಸ್ಟ್ ಬೇರೆ ಹಾಕಿ ರೋಗವನ್ನು ಮುಚ್ಚುತ್ತಿದ್ದರು. 2024ರ ಜಿಸಿಸಿ 14ರಲ್ಲಿ ಘೋಷಣೆಯಿಲ್ಲದ ಫಂಕ್ಷನ್ ಕರೆಯುವುದನ್ನು ತಪ್ಪೆಂದೇ ನಿಲ್ಲಿಸುತ್ತಾರೆ. ತಡವಾಯಿತು, ಆದರೆ ಒಳ್ಳೆಯದಾಯಿತು.

ದಶಮಾಂಶ ಸಂಖ್ಯೆಯಿಂದ ಪೂರ್ಣಾಂಕಕ್ಕೆ ಇಳಿಯುವಾಗ ಇನ್ನೂ ಹುಷಾರಾಗಿರಿ. 1000 ಕೋಟಿ ಬೆಲೆಯ ಡಬಲ್ ಒಂದನ್ನು ಇಂಟ್‌ಗೆ ಕಾಸ್ಟ್ ಮಾಡಿ ನೋಡಿ. ಆಪ್ಟಿಮೈಸೇಶನ್ ಇಲ್ಲದೆ ಇಂಟೆಲ್ ಯಂತ್ರದಲ್ಲಿ ಓಡಿಸಿದರೆ ಚಿಪ್ ಕೊಡುವುದು -2147483648. ಅದೇ ಸಾಲಿಗೆ ಓ2 ಹಾಕಿದರೆ ಜಿಸಿಸಿ ಕಂಪೈಲ್ ಮಾಡುವಾಗಲೇ ಲೆಕ್ಕ ಮುಗಿಸಿ 2147483647 ಎಂದು ಇಟ್ಟುಬಿಡಬಹುದು. ಆರ್ಮ್ ಚಿಪ್ಪೂ ಆ ಎರಡನೆಯ ಉತ್ತರವನ್ನೇ ಕೊಡುತ್ತದೆ. ಒಂದೇ ಸಾಲು, ಒಮ್ಮೆ ಅತಿ ಕೆಳಗಿನ ಸಂಖ್ಯೆ, ಒಮ್ಮೆ ಅತಿ ಮೇಲಿನ ಸಂಖ್ಯೆ. ಮಿತಿ ಮೀರಿದ ಇಂಥ ಬದಲಾವಣೆ ಅನ್‌ಡಿಫೈನ್ಡ್ ಆದ್ದರಿಂದ ಯಾವುದನ್ನೂ ತಪ್ಪೆನ್ನುವಂತಿಲ್ಲ. ಕಾಸ್ಟ್ ಮಾಡುವ ಮೊದಲೇ ಮಿತಿಯೊಳಗೆ ಇದೆಯೇ ನೋಡಿಕೊಳ್ಳಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೇಲೆದ್ದ ಸುಮಾರು 40 ಸೆಕೆಂಡಿಗೆ ಒಡೆದುಹೋದದ್ದು 64 ಬಿಟ್ ದಶಮಾಂಶ ಸಂಖ್ಯೆಯನ್ನು 16 ಬಿಟ್ ಪೂರ್ಣಾಂಕಕ್ಕೆ ಇಳಿಸಲು ಹೋಗಿ. ಅದು ಅಡಾ ಭಾಷೆಯ ಪ್ರೋಗ್ರಾಂ. ಭಾಷೆ ಬೇರೆಯಾದರೂ ಪಾವಿಗೆ ಸೇರು ಸುರಿದದ್ದು ಅದೇ.

ಈಗ ನೆಲವೇ ಡೊಂಕಾಗಿದ್ದ ಪ್ರಸಂಗಗಳು. ಒಂದು ಫಂಕ್ಷನ್‌ನಲ್ಲಿ ಸೈನ್ಡ್ ಚಾರ್‌ಗೆ 1, ಅನ್‌ಸೈನ್ಡ್ ಚಾರ್‌ಗೆ 255 ಕೊಟ್ಟು ಮೊದಲನೆಯದು ದೊಡ್ಡದೇ ಎಂದು ಕೇಳಿ. ಎರಡೂ ಇಂಟ್‌ಗೆ ಬಡ್ತಿ ಪಡೆಯಬೇಕು, 1 ದೊಡ್ಡದಲ್ಲ, ಉತ್ತರ ಸೊನ್ನೆ ಬರಬೇಕು. ಉಬುಂಟು 8.04.1ರ ಜೊತೆ ಬಂದಿದ್ದ ಜಿಸಿಸಿ ಇದಕ್ಕೆ 1 ಎಂದು ಉತ್ತರ ಕೊಡುತ್ತಿತ್ತು. 255 ಅನ್ನು ಸೈನ್ಡ್ ಎಂದು ಓದಿದರೆ ಮೈನಸ್ 1 ಆಗುತ್ತದೆ, ಆಗಷ್ಟೇ ಆ ಉತ್ತರ ಬರಲು ಸಾಧ್ಯ. ಆಪ್ಟಿಮೈಸೇಶನ್ ಯಾವ ಮಟ್ಟದಲ್ಲಿಟ್ಟರೂ ಅದೇ ತಪ್ಪು. ಮೂಲ ಜಿಸಿಸಿಯಲ್ಲಿ ಅದು ಇರಲಿಲ್ಲ. ಉಬುಂಟುಗೆಂದು ತೇಪೆ ಹಾಕಿದ ಆವೃತ್ತಿಯಲ್ಲಿತ್ತು. ಇದನ್ನು ಹಿಡಿದವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ರೇಗರ್ ಮತ್ತು ಅವರ ಸಂಗಡಿಗರು. ತಾನೇ ಯಾದೃಚ್ಛಿಕವಾಗಿ ಸಿ ಪ್ರೋಗ್ರಾಂಗಳನ್ನು ಬರೆದು ಕಂಪೈಲರ್‌ಗಳಿಗೆ ತಿನ್ನಿಸಿ, ಉತ್ತರಗಳನ್ನು ತಾಳೆ ನೋಡುವ ಸಿಸ್ಮಿತ್ ಎಂಬ ಸಾಧನ ಕಟ್ಟಿದರು. ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ಹೊಸ ದೋಷಗಳನ್ನು ಹುಡುಕಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಪರೀಕ್ಷಿಸಿದ ಪ್ರತಿ ಕಂಪೈಲರ್‌ನಲ್ಲೂ ದೋಷ ಸಿಕ್ಕಿತು.

ಆ ಪ್ರಬಂಧದ ಇನ್ನೊಂದು ಉದಾಹರಣೆಯನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಎಲ್‌ಎಲ್‌ವಿಎಂ ಕಂಪೈಲರ್‌ನಲ್ಲಿ ಒಂದು ಸರಳೀಕರಣವಿತ್ತು. ‘ಎಕ್ಸ್ ಒಂದು ಸಂಖ್ಯೆಗೆ ಸಮ, ಇಲ್ಲವೇ ಇನ್ನೊಂದಕ್ಕಿಂತ ಕಡಿಮೆ’ ಎಂದಿದ್ದರೆ, ಮೊದಲ ಸಂಖ್ಯೆ ಎರಡನೆಯದಕ್ಕಿಂತ ಚಿಕ್ಕದಾದಾಗ ಮೊದಲ ಭಾಗ ಬೇಕಿಲ್ಲ, ಬಿಡಬಹುದು. ಸರಿಯಾದ ಮಾತೇ. ಆದರೆ ‘ಎಕ್ಸ್ ಸೊನ್ನೆ, ಇಲ್ಲವೇ ಮೈನಸ್ 3ಕ್ಕಿಂತ ಕಡಿಮೆ’ ಎಂಬುದರಲ್ಲೂ ಅದು ಸೊನ್ನೆಯನ್ನು ಬಿಟ್ಟುಬಿಟ್ಟಿತು. ಸೊನ್ನೆ ಮೈನಸ್ 3ಕ್ಕಿಂತ ಚಿಕ್ಕದೇ ಎಂದು ನೋಡುವಾಗ ಕಂಪೈಲರ್‌ನ ಒಳಗಿನ ಕೋಡ್ ಅನ್‌ಸೈನ್ಡ್ ಹೋಲಿಕೆ ಮಾಡಿತ್ತು. ಅದರ ಕಣ್ಣಿಗೆ ಮೈನಸ್ 3 ಬಹು ದೊಡ್ಡ ಸಂಖ್ಯೆ. ನಾವು ಎಡವುವ ಕಲ್ಲಿಗೆ ಕಂಪೈಲರ್ ಬರೆಯುವ ಪಂಡಿತರೂ ಎಡವಿದರು. ಅಲ್ಲಿಗೆ, ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ, ಎಚ್ಚರ ಮಾತ್ರ ಬೇಕು. ಫ್ರಾನ್ಸಿನ ಝೇವಿಯರ್ ಲೆರಾಯ್ ಅವರ ತಂಡ ಗಣಿತದ ಪುರಾವೆಯೊಂದಿಗೆ ಕಟ್ಟಿದ ಕಾಂಪ್‌ಸರ್ಟ್ ಕಂಪೈಲರ್‌ನಲ್ಲಿ, ಆ ಪುರಾವೆ ಇರುವ ಭಾಗದಲ್ಲಿ ಮಾತ್ರ ಸಿಸ್ಮಿತ್‌ಗೆ ತಪ್ಪು ಕೋಡ್ ಸಿಗಲಿಲ್ಲ. ಅಷ್ಟು ಶ್ರದ್ಧೆಗೆ ನನ್ನ ನಮಸ್ಕಾರ.

ಆದ್ದರಿಂದ ಕಂಪೈಲರ್ ಮೇಲೆ ದೂರು ಹೇಳಬಾರದು ಎನ್ನುತ್ತಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಿ ಎನ್ನುತ್ತೇನೆ. ಜಿಸಿಸಿಯಲ್ಲಿ 2014ರ 4.9ರಿಂದ, ಕ್ಲ್ಯಾಂಗ್‌ನಲ್ಲಿ ಅದಕ್ಕೂ ಮೊದಲಿನಿಂದ ಯುಬಿಸ್ಯಾನ್ ಇದೆ. ಎಫ್‌ಸ್ಯಾನಿಟೈಸ್ ಈಕ್ವಲ್ ಟು ಅನ್‌ಡಿಫೈನ್ಡ್ ಎಂದು ಒಂದು ಆಯ್ಕೆ ಸೇರಿಸಿದರೆ ಸಾಕು, ಪ್ರೋಗ್ರಾಂ ಓಡುವಾಗ ಯಾವ ಸಾಲಿನಲ್ಲಿ ಸೈನ್ಡ್ ಸಂಖ್ಯೆ ತುಂಬಿ ಹರಿಯಿತೆಂದು ಅದೇ ಹೇಳುತ್ತದೆ. ಇದನ್ನು ಬಳಸದೆ ಮೂರು ದಿನ ಅಸೆಂಬ್ಲಿ ಓದುತ್ತ ಕೂರುವುದೆಂದರೆ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ. ಒಂದು ಮಾತು ತಿಳಿದಿರಲಿ: ಪಾವಿಗೆ ಸೇರು ಸುರಿದು ಬಿಟ್ ಕಳೆದುಕೊಳ್ಳುವುದು ಅನ್‌ಡಿಫೈನ್ಡ್ ಅಲ್ಲ, ಆದ್ದರಿಂದ ಆ ಆಯ್ಕೆ ಅದನ್ನು ಹಿಡಿಯದು. ಅದಕ್ಕೆ ಕ್ಲ್ಯಾಂಗ್‌ನಲ್ಲಿ ಇಂಪ್ಲಿಸಿಟ್ ಕನ್ವರ್ಶನ್ ಎಂಬ ಬೇರೆ ಸ್ಯಾನಿಟೈಸರ್ ಇದೆ. ಎರಡರಲ್ಲೂ ನಿಮ್ಮ ಕೋಡ್ ಶುದ್ಧವೆಂದು ಕಂಡು, ಬೇರೆ ಎರಡು ಕಂಪೈಲರ್‌ಗಳಲ್ಲಿ ಸರಿಯಾದ ಉತ್ತರ ಬಂದು, ತಪ್ಪನ್ನು ಹತ್ತು ಹದಿನೈದು ಸಾಲಿಗೆ ಇಳಿಸಿ ತೋರಿಸಬಲ್ಲಿರಾದರೆ ಆಗ ಧೈರ್ಯವಾಗಿ ದೂರು ಕೊಡಿ. ಅಂಥ ದೂರಿನಿಂದ ಎಲ್ಲರಿಗೂ ಉಪಕಾರ.

ವಾರ್ನಿಂಗ್‌ಗಳ ವಿಷಯದಲ್ಲಿ ಮಾತ್ರ ನಾನು ಗದರದೆ ಬಿಡುವುದಿಲ್ಲ. ಡಬ್ಲ್ಯುಆಲ್ ಹಾಕಿದ್ದೇನೆ, ಇನ್ನೇನು ಬೇಕು ಎನ್ನುತ್ತೀರಿ. ಹೆಸರಿನಲ್ಲಿ ಆಲ್ ಇದೆ, ಎಲ್ಲವೂ ಇಲ್ಲ. ಸಿ ಭಾಷೆಗೆ ಜಿಸಿಸಿಯಲ್ಲಿ ಸೈನ್ಡ್-ಅನ್‌ಸೈನ್ಡ್ ಹೋಲಿಕೆಯ ವಾರ್ನಿಂಗ್ ಬರಬೇಕಾದರೆ ಡಬ್ಲ್ಯುಎಕ್ಸ್‌ಟ್ರಾ ಬೇಕು. ದೊಡ್ಡದರಿಂದ ಚಿಕ್ಕದಕ್ಕೆ ಸುರಿಯುವುದನ್ನು ಹೇಳಲು ಡಬ್ಲ್ಯುಕನ್ವರ್ಶನ್ ಬೇಕು. ಹಳೆಯ ಕೋಡಿಗೆ ಒಮ್ಮೆಲೇ ಹಾಕಿದರೆ ಸಾವಿರಾರು ಸಾಲು ವಾರ್ನಿಂಗ್ ಬರುತ್ತದೆ, ಗೊತ್ತು. ಹೊಸದಾಗಿ ಬರೆಯುವ ಫೈಲಿನಿಂದ ಶುರುಮಾಡಿ, ವಾರಕ್ಕೊಂದು ಹಳೆಯ ಫೈಲು ಶುಚಿಮಾಡಿ. ವಾರ್ನಿಂಗ್ ಬಂದ ಜಾಗಕ್ಕೆಲ್ಲ ಇಂಟ್ ಎಂದು ಕಾಸ್ಟ್ ಹಾಕಿ ಬಾಯಿ ಮುಚ್ಚಿಸುವುದಿದೆಯಲ್ಲ, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವುದು ಅದೇ. ಕಾಸ್ಟ್ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಬರಬಹುದಾದ ಅತಿ ದೊಡ್ಡ ಸಂಖ್ಯೆ ಯಾವುದು, ಅತಿ ಚಿಕ್ಕದು ಯಾವುದು? ಉತ್ತರ ಗೊತ್ತಿದ್ದರೆ ಪಕ್ಕದಲ್ಲಿ ಒಂದು ಸಾಲು ಬರೆದಿಡಿ. ಗೊತ್ತಿಲ್ಲದಿದ್ದರೆ ಕಾಸ್ಟ್ ಹಾಕುವ ಹಕ್ಕು ನಿಮಗಿಲ್ಲ.

ಎಫ್‌ರ‍್ಯಾಪ್‌ವಿ ಎಂಬ ಆಯ್ಕೆ ಹಾಕಿದರೆ ಸೈನ್ಡ್ ಸಂಖ್ಯೆಯೂ ಅನ್‌ಸೈನ್ಡ್‌ನಂತೆ ಸುತ್ತಿ ಬರುತ್ತದೆ, ಅದು ತುಂಬಿ ಹರಿಯುವುದೇ ಇಲ್ಲ ಎಂಬ ತರ್ಕವನ್ನು ಕಂಪೈಲರ್ ಬಿಡುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ಇದನ್ನು ಬಳಸುತ್ತಾರೆ. ಲಿನಕ್ಸ್ ಕರ್ನಲ್‌ನವರು ಇದರ ಸೋದರನಂಥ ಇನ್ನೊಂದನ್ನು ಬಳಸುತ್ತಾರೆ. ದೊಡ್ಡ ಹಳೆಯ ಕೋಡ್ ಕೈಗೆ ಬಂದಿದ್ದರೆ ನೀವೂ ಬಳಸಿ, ತಪ್ಪಿಲ್ಲ. ಆದರೆ ಮುರಿದ ಕಾಲಿಗೆ ಊರುಗೋಲು ಕೊಟ್ಟಂತೆ ಅದು. ಚೆಲ್ಲಿದ ಅಕ್ಕಿಯನ್ನು ಅದು ಎತ್ತಿ ಕೊಡುವುದಿಲ್ಲ, ಚೆಲ್ಲಿದ ರೀತಿ ಎಲ್ಲ ಕಡೆ ಒಂದೇ ಇರುವಂತೆ ಮಾತ್ರ ನೋಡಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇವತ್ತು ಮನೆಗೆ ಹೋಗುವ ಮೊದಲು ಮಾಡಿ. ನಿಮ್ಮ ಕೋಡಿನಲ್ಲಿ ಟೈಮ್ ಫಂಕ್ಷನ್ ಕೊಡುವ ಬೆಲೆಯನ್ನು ಇಂಟ್‌ಗೆ ಹಾಕಿದ ಸಾಲುಗಳನ್ನು ಹುಡುಕಿ. ಆಪರೇಟಿಂಗ್ ಸಿಸ್ಟಮ್ 64 ಬಿಟ್‌ನ ಸಮಯ ಕೊಡುತ್ತಿದ್ದರೂ ಆ ಒಂದು ಸಾಲು ಅದನ್ನು 32 ಬಿಟ್‌ಗೆ ಇಳಿಸಿಬಿಡುತ್ತದೆ. 1970ರ ಜನವರಿ 1ರಿಂದ ಎಣಿಸುತ್ತ ಬಂದ ಸೆಕೆಂಡುಗಳು 2147483647 ಮುಟ್ಟುವುದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅದರ ಮರುಸೆಕೆಂಡಿಗೆ ಆ ಇಂಟ್‌ನಲ್ಲಿ ತೋರುವುದು 1901ರ ಡಿಸೆಂಬರ್ ತಿಂಗಳು. ನೀವು ಈ ವರ್ಷ ಬೋರ್ಡಿಗೆ ಹಾಕಿ ಕಳಿಸುವ ಕೋಡ್ ಆ ಬೆಳಿಗ್ಗೆಯೂ ಎಲ್ಲೋ ಒಂದು ಕಡೆ ಓಡುತ್ತಿರುತ್ತದೆ.